ಮನೆ ನೋಡಲು ಬಂದವಳು

ವೈಪರಿನ ಕೆಳಗೆ ಸಿಕ್ಕಿಕೊಂಡ ಹಳದಿ ಎಲೆಯೊಂದು ಪಟಪಟ ಬಡಿದುಕೊಳ್ಳುತ್ತಿದೆ, ಹಾರಿಹೋಗಲಾರದು, ಸುಮ್ಮನೆ ಅಂಟಿಕೊಂಡಿರಲೂ ಆರದು, ಇವನು ಒಂದು ಸಲ ವೈಪರ್ ತಿರುಗಿಸಿದರೆ ಉದುರಿಹೋಗುತ್ತದೆ, ತಿರುಗಿಸುವುದಿಲ್ಲ, ಬಹುಶಃ ಕಂಡೇ ಇಲ್ಲ, ಕಣ್ಣು ರಸ್ತೆಯ ಮೇಲೆ, ಎರಡೂ ಕೈ ಸ್ಟೇರಿಂಗಿನ ಮೇಲೆ, ಹೊಸದಾಗಿ ಓಡಿಸಲು ಕಲಿತವರ ಹಾಗೆ — ಒಳ್ಳೆಯ ಲಕ್ಷಣವೇ ಅದು, ಎಂದುಕೊಂಡಳು ಕಿಯೊಮಿ, ಅಣ್ಣನಾದರೆ ಒಂದು ಕೈಯಲ್ಲಿ ಸಿಗರೇಟು ಹಿಡಿದು ಓಡಿಸುತ್ತಾನೆ, ಅತ್ತಿಗೆ ಪಕ್ಕದಲ್ಲಿ ಕೂತು ಬೈಯುತ್ತಾಳೆ, ಹಿಂದಿನ ಸೀಟಿನಲ್ಲಿ ತಾನು ಚೀಲದ ಹಾಗೆ. ಚೀಲವೇ ಮತ್ತೆ. ಹಾಸಿಗೆ ಹಿಡಿದ ಅಮ್ಮನನ್ನು ನೋಡಿಕೊಳ್ಳುತ್ತಿದ್ದಷ್ಟು ದಿನ ಆ ಮನೆಯಲ್ಲಿ ತನಗೊಂದು ಜಾಗವಿತ್ತು, ಅಮ್ಮ ಹೋದಳು, ಜಾಗವೂ ಹೋಯಿತು, ಅತ್ತಿಗೆ ಕೋಣೆಯ ಬಾಗಿಲಲ್ಲಿ ನಿಂತು ಒದ್ದೆ ಕೈ ಒರೆಸಿಕೊಳ್ಳುತ್ತ ಹೇಳಿದ್ದು, ಬೇಜಾರು ಮಾಡ್ಕೋಬೇಡ ಕಿಯೊಮಿ, ಹುಡುಗಿ ಬರೋ ವರ್ಷ ಹೈಸ್ಕೂಲಿಗೆ ಹೋಗ್ತಾಳೆ, ಅವಳಿಗೂ ಒಂದು ಕೋಣೆ ಅಂತ ಬೇಡ್ವಾ, ಆ ಬೆಟ್ಟದೂರಿನ ಮನುಷ್ಯ ಒಳ್ಳೆಯೋನ ಹಾಗೆ ಕಾಣ್ತಾನೆ, ಹೋಗಿ ಮನೆ ನೋಡ್ಕೊಂಡು ಬಾ, ನೋಡೋದಕ್ಕೇನು — ನೋಡುವುದಕ್ಕೇನು, ನೋಡುತ್ತಿದ್ದೇನೆ, ಎರಡೂ ಕಡೆ ದೇವದಾರು ಮರಗಳು ಗೋಡೆಯ ಹಾಗೆ ನಿಂತಿವೆ, ನಡುವೆ ಆಕಾಶ ಒಂದು ಲಾಡಿಯಷ್ಟು ಅಗಲ, ಒಕಾಯಾಮಾದಿಂದ ಬೆಳಗಿನ ಒಂದೇ ಡಬ್ಬಿಯ ರೈಲಿನಲ್ಲಿ ಬಂದಿಳಿದಾಗ ನಿಲ್ದಾಣದಲ್ಲಿ ಇವನೊಬ್ಬನೇ ನಿಂತಿದ್ದ, ಟೋಪಿ ತೆಗೆದು ಸೊಂಟ ಬಗ್ಗಿಸಿ ನಮಸ್ಕರಿಸಿದ, ಇಷ್ಟು ದೂರ ಬಂದಿರಿ, ದಣಿವಾಯ್ತೇನೋ, ಎಂದ, ಕೂದಲು ಹೊಸದಾಗಿ ಕತ್ತರಿಸಿಕೊಂಡಿದ್ದರಿಂದ ಕುತ್ತಿಗೆಯ ಹಿಂದೆ ಬಿಳಿಯ ಪಟ್ಟಿ, ಅದನ್ನು ಕಂಡು ಅವಳಿಗೆ ಯಾಕೋ ಅಯ್ಯೋ ಎನಿಸಿತ್ತು. ಇದ್ದಕ್ಕಿದ್ದಂತೆ ಟ್ರಕ್ಕು ನಿಂತಿತು. ಕೋತಿಗಳು. ದೊಡ್ಡದೊಂದು ಮುಂದೆ, ಹೊಟ್ಟೆಗೆ ಮರಿ ಕಚ್ಚಿಕೊಂಡ ತಾಯಂದಿರು ಹಿಂದೆ, ರಸ್ತೆ ತಮ್ಮ ಅಜ್ಜನದು ಎಂಬಂತೆ ನಿಧಾನವಾಗಿ ದಾಟುತ್ತಿವೆ, ಇವನು ಹಾರ್ನ್ ಒತ್ತಲಿಲ್ಲ, ಎಂಜಿನ್ ಕೂಡ ಆರಿಸಿದ, ಹೋಗ್ಲಿ ಬಿಡಿ, ಅವುಕ್ಕೂ ಮನೆಗೆ ಹೋಗ್ಬೇಕಲ್ಲ, ಎಂದ, ಮೆತ್ತಗೆ, ಶಿಗೆಕಿಯ ದನಿಯೇ ಹಾಗೆ, ಪಕ್ಕದವರಿಗೆ ಮಾತ್ರ ಕೇಳುವಷ್ಟು, ಕಿಯೊಮಿ ನಕ್ಕಳು, ಮತ್ತು ನಗುತ್ತಲೇ ಅಂದುಕೊಂಡಳು, ಆಗಲಿ, ಇಂಥವನ ಜೊತೆ ಆಗಬಹುದು.

ಎರಡೇ ಸಲ ಮಾತಾಡಿದ್ದು, ಒಂದು ಸಲ ಪುರಸಭೆಯವರು ನಡೆಸಿದ ವಧೂವರರ ಕೂಟದಲ್ಲಿ, ಎದೆಗೆ ಹೆಸರಿನ ಚೀಟಿ ಅಂಟಿಸಿಕೊಂಡ ಬೆಟ್ಟದೂರುಗಳ ಗಂಡಸರು ಪೇಟೆಯ ಹೆಂಗಸರಿಗೆ ಕುಂಬಳಕಾಯಿ ಪಲ್ಯ ಬಡಿಸುತ್ತ ಬೆವರುತ್ತಿದ್ದರು, ಇನ್ನೊಂದು ಸಲ ಕಾಫಿ ಅಂಗಡಿಯಲ್ಲಿ, ಆಗಲೇ ಅವನು ಹೇಳಿದ್ದು, ನನಗೆ ಮೊದಲೊಂದು ಮದುವೆ ಆಗಿತ್ತು, ಮುಚ್ಚಿಡೋದಿಲ್ಲ, ಅಕೆಮಿ ಅಂತ ಹೆಸರು, ಇಲ್ಲಿನ ಚಳಿ ಅವಳಿಗೆ ಆಗಿಬರಲಿಲ್ಲ, ಹಿಮ ಬಿದ್ರೆ ತಿಂಗಳುಗಟ್ಟಲೆ ಹೊರಗೆ ಕಾಲಿಡೋ ಹಾಗಿಲ್ಲ, ಒಂದು ದಿನ ಹೊರಟುಹೋದ್ಲು, ತಪ್ಪು ನಂದೂ ಇರಬಹುದು. ತಪ್ಪು ನಂದೂ ಇರಬಹುದು ಎನ್ನುವ ಗಂಡಸನ್ನು ಅವಳು ಅಲ್ಲಿಯವರೆಗೆ ಕಂಡಿರಲಿಲ್ಲ. ಲಾಂಡ್ರಿಯಲ್ಲಿ ಇಸ್ತ್ರಿ ಮಾಡುತ್ತ ಆ ಮಾತನ್ನು ಎಷ್ಟು ಸಲ ತಿರುವಿ ಹಾಕಿದ್ದಳೋ, ಆವಿಯಲ್ಲಿ ಕೋಟುಗಳ ತೋಳು ಚಾಚುತ್ತ, ಕಾಲರು ಮಡಿಸುತ್ತ, ಚಳಿಯನ್ನು ತಾನು ತಡೆಯಬಲ್ಲೆ, ಚಳಿ ಏನು ಮಹಾ. ಟ್ರಕ್ಕು ಊರೊಳಗೆ ಬಂದಿತ್ತು, ಕುರೊಸೆ ಎಂಬ ಈ ಊರು ಹೊಳೆಯ ಬದಿಯ ಒಂದೇ ಬೀದಿ, ಕ್ಷೌರದಂಗಡಿಯ ಕಂಬ ತಿರುಗುವುದನ್ನು ನಿಲ್ಲಿಸಿ ಎಷ್ಟು ಕಾಲವಾಯಿತೋ, ಎಳೆದ ಷಟರುಗಳ ಮೇಲೆ ತುಕ್ಕು, ಸೂರುಗಳಿಂದ ಮಾತ್ರ ಸಿಪ್ಪೆ ತೆಗೆದ ಕಾಕಿ ಹಣ್ಣಿನ ಸರಗಳು ಒಣಗಲು ಇಳಿಬಿಟ್ಟು ಇಡೀ ಬೀದಿಗೆ ಕಿತ್ತಳೆ ಬಣ್ಣದ ಪರದೆ ಕಟ್ಟಿದಂತಿದೆ, ಕಂಬದ ಮೇಲಿನ ಧ್ವನಿವರ್ಧಕ ಕೆಮ್ಮಿ ಕರಡಿಯ ಸಮಾಚಾರ ಹೇಳಿತು, ಶಾಲೆಯ ಹಿಂದಿನ ತೋಪಿನಲ್ಲಿ ಕಂಡಿದೆ, ಒಬ್ಬೊಬ್ಬರೇ ಓಡಾಡಬೇಡಿ. ತೋಫು ಅಂಗಡಿಯ ಮುಂದೆ ನಿಲ್ಲಿಸಿದ, ನನ್ನ ಚಿಕ್ಕಮ್ಮ, ತೋರಿಸದೆ ಹೋದ್ರೆ ವರ್ಷಪೂರ್ತಿ ಮಾತು ಕೇಳ್ಬೇಕಾಗುತ್ತೆ, ಮತ್ತು ರಬ್ಬರಿನ ಬೂಟು ತೊಟ್ಟ ಗಿಡ್ಡ ಹೆಂಗಸು, ಯೊಶಿನೊ ಚಿಕ್ಕಮ್ಮ, ತೊಟ್ಟಿಯ ನೀರಿನಿಂದ ಕೆಂಪಗಾದ ಕೈ ಎತ್ತಿ ಬಂದವಳೇ ಕಿಯೊಮಿಯನ್ನು ತಲೆಯಿಂದ ಕಾಲಿನವರೆಗೆ ಅಳೆದಳು. ವಯಸ್ಸೆಷ್ಟಮ್ಮ. ನಲವತ್ತಮೂರು. ಹಾಗಾದ್ರೆ ಇಲ್ಲಿ ನೀನು ಕೂಸು, ನಮ್ಮ ಯುವಕ ಸಂಘದ ಅಧ್ಯಕ್ಷನಿಗೆ ಮೊನ್ನೆ ಮಂಡಿ ಚಿಪ್ಪು ಬದಲಾಯಿಸಿದ್ರು. ಶಿಗೆಕಿ ನಾಚಿ ಕತ್ತು ಕೆರೆದುಕೊಂಡ, ಚಿಕ್ಕಮ್ಮಾ, ಸಾಕು. ಏನು ಸಾಕು, ಕರಡಿ ಬಂದ್ರೂ ಇಷ್ಟು ಜನ ನೋಡೋಕೆ ಬರಲ್ಲ, ಇವತ್ತು ಬೀದಿಯ ಪರದೆಗಳೆಲ್ಲ ಅಲ್ಲಾಡ್ತಾ ಇವೆ ನೋಡು. ನಗುತ್ತಲೇ ತೋಫು ಚೀಲಕ್ಕೆ ಹಾಕಿದಳು, ಕೊಡುವಾಗ ಚೀಲವನ್ನೂ ಬಿಡಲಿಲ್ಲ, ಕಿಯೊಮಿಯ ಬೆರಳುಗಳನ್ನೂ ಬಿಡಲಿಲ್ಲ, ತಣ್ಣನೆಯ ಒದ್ದೆ ಹಿಡಿತ, ನಮ್ಮ ಹುಡುಗ ಕುಡಿಯೋದು ಬಿಟ್ಟಿದ್ದಾನೆ, ಗೊತ್ತಲ್ಲ. ಗೊತ್ತಿರಲಿಲ್ಲ. ಕುಡಿಯುತ್ತಿದ್ದ ಎಂದೇ ಗೊತ್ತಿರಲಿಲ್ಲ. ಆಗಲೇ ಅವನು ಟ್ರಕ್ಕಿನ ಬಾಗಿಲು ತೆರೆದು ನಿಂತಿದ್ದಾನೆ, ಚಿಕ್ಕಮ್ಮ ಕೈ ಬಿಟ್ಟಳು, ತೊಟ್ಟಿಯತ್ತ ತಿರುಗಿ, ಇವನ ಅಮ್ಮನಿಗೆ, ತೊಮಿಕೊ ಅಕ್ಕನಿಗೆ, ನಾನು ಕೇಳ್ದೆ ಅಂತ ಹೇಳು, ಎಂದಳು ನೀರಿಗೆ ಹೇಳುವಂತೆ, ಬೀದಿಗಿಳಿದು ಎಷ್ಟು ದಿನ ಆಯ್ತು ಅವಳು. ಅಷ್ಟೆ. ಅಪ್ಪನೂ ಕುಡಿಯುತ್ತಿದ್ದ, ಹಬ್ಬಕ್ಕೆ, ಕುಡಿದು ಹಾಡುತ್ತಿದ್ದ, ಬಿಟ್ಟಿದ್ದಾನಲ್ಲ, ಬಿಟ್ಟವನ ಬಗ್ಗೆ ಈಗೇನು — ಸೊಂಟಕ್ಕೆ ಬೆಲ್ಟು ಬಿಗಿದುಕೊಳ್ಳುತ್ತ ಅವಳು ತೋಫುವನ್ನು ಮಡಿಲಲ್ಲಿ ಇಟ್ಟುಕೊಂಡಳು, ಚೀಲದಿಂದ ನೀರು ಸ್ಕರ್ಟಿಗೆ ಇಳಿಯುವುದು ಗೊತ್ತಾದರೂ ಸುಮ್ಮನೆ ಕೂತಳು.

ಮನೆ ಊರಿನ ಕೊನೆಯಲ್ಲಿ, ಬೆಟ್ಟಕ್ಕೆ ಬೆನ್ನು ಕೊಟ್ಟು, ಒಳಗೆ ಸೀಮೆಎಣ್ಣೆ ಒಲೆಯ ವಾಸನೆ, ಒಣಗಿದ ಹುಲ್ಲುಚಾಪೆಯ ವಾಸನೆ, ಹೊಸ್ತಿಲ ಬಳಿ ಚಪ್ಪಲಿ ಬಿಡುವಲ್ಲಿ ಎಲ್ಲ ಜೋಡಿಗಳೂ ಮೂತಿ ಹೊರಗೆ ಮಾಡಿ ನೆಟ್ಟಗೆ ನಿಂತಿವೆ, ಎಷ್ಟು ಅಚ್ಚುಕಟ್ಟು, ಅವಳೂ ತನ್ನ ಕಂದು ಬೂಟುಗಳನ್ನು ಹಾಗೇ ತಿರುಗಿಸಿ ಇಟ್ಟಳು. ಕೆಳಗೆ ಬಿಸಿಯಿಟ್ಟ ಗಿಡ್ಡ ಮೇಜು, ಕೊಟಾತ್ಸು, ಅದಕ್ಕೆ ಹೊದಿಸಿದ ರಜಾಯಿಯೊಳಗೆ ಸೊಂಟದವರೆಗೆ ಹುದುಗಿಕೊಂಡು ಕೂತಿದ್ದ ಮುದುಕಿ, ಹಕ್ಕಿಯಷ್ಟು ಪುಟ್ಟ ತಲೆ, ಕಣ್ಣು ಮಾತ್ರ ದೊಡ್ಡವು, ಅಮ್ಮಾ, ಇವರು ಕಿಯೊಮಿಸಾನ್, ಹೇಳಿದ್ನಲ್ಲ, ಒಕಾಯಾಮಾದೋರು. ಮುದುಕಿ ನೋಡಿದಳು, ನೋಡುತ್ತಲೇ ಇದ್ದಳು, ಆಮೇಲೆ ಮುಖ ಅರಳಿತು, ಅಕೆಮಿ, ಬಂದ್ಯಾ ಮಗಳೇ, ಎಂದಳು. ಒಲೆಯ ಮೇಲಿನ ಕೆಟಲು ಸುಯ್ಗುಡುತ್ತಿತ್ತು. ಶಿಗೆಕಿ ಕ್ಷಮೆ ಕೇಳುವವನಂತೆ ಕಿಯೊಮಿಯತ್ತ ತಿರುಗಿ ತುಸು ತಲೆ ಬಾಗಿಸಿದ, ನೆನಪು ಕಲಸಿಹೋಗಿದೆ, ಕೆಲವು ದಿನ ನನ್ನನ್ನೇ ಅಪ್ಪ ಅನ್ಕೋತಾಳೆ, ಬೇಸರ ಮಾಡ್ಕೋಬೇಡಿ. ಬೇಸರವೇನು, ತನ್ನ ಅಮ್ಮನೂ ಕೊನೆಯಲ್ಲಿ ತನ್ನನ್ನು ನರ್ಸು ಎಂದುಕೊಂಡು ಥ್ಯಾಂಕ್ಸ್ ಹೇಳುತ್ತಿದ್ದಳು, ಅಷ್ಟು ವಿನಯವಾಗಿ ಮಗಳಿಗೆ ಎಂದೂ ಹೇಳಿದವಳಲ್ಲ. ಊಟಕ್ಕೆ ಅವನೇ ಬಡಿಸಿದ, ಹೊಸ ಅಕ್ಕಿಯ ಅನ್ನ, ಮಿಸೊ ಸಾರು, ಮೂಲಂಗಿ ಉಪ್ಪಿನಕಾಯಿ, ತೋಫುವಿನ ಮೇಲೆ ಶುಂಠಿ ತುರಿದು ಹಾಕಿದ, ಅಮ್ಮನ ಮೀನಿನ ಮುಳ್ಳು ಒಂದೊಂದಾಗಿ ಬಿಡಿಸಿಕೊಟ್ಟ, ಮುದುಕಿ ತಲೆ ತಗ್ಗಿಸಿ ಬೇಗ ಬೇಗ ತಿಂದಳು, ಅನ್ನದ ಅಗುಳು ರಜಾಯಿಯ ಮೇಲೆ ಬಿತ್ತು, ಬಿದ್ದೊಡನೆ ಅವಳ ಕೈ ಅದನ್ನು ಮುಚ್ಚಿತು, ಮಗನತ್ತ ಒಮ್ಮೆ ಕಣ್ಣು ಹೊರಳಿತು — ವಯಸ್ಸಾದವರ ಸಂಕೋಚ, ಕಿಯೊಮಿ ಬೇರೆಡೆ ನೋಡಿದಳು, ಮರದ ತೊಲೆಗಳನ್ನು, ಶಿಗೆಕಿಯ ಸತ್ತ ತಂದೆಯ ಫೋಟೋವನ್ನು, ಇಲ್ಲಿ ನನ್ನ ಹೊಲಿಗೆ ಯಂತ್ರ ಇಡಬಹುದು, ಈ ಕಿಟಕಿಗೆ ಬೇರೆ ಪರದೆ ಹಾಕಬಹುದು, ಆಗಲೇ ಮನಸ್ಸು ಈ ಮನೆಯಲ್ಲಿ ತಿರುಗಾಡತೊಡಗಿತ್ತು, ನಾಚಿಕೆಗೇಡು ಮನಸ್ಸು. ಒಲೆಯ ಎಣ್ಣೆ ಮುಗಿಯುತ್ತಾ ಬಂತು, ತರ್ತೀನಿ, ಅರ್ಧ ಗಂಟೆ, ಅಮ್ಮನ ಹತ್ತಿರ ಕೂತಿರ್ತೀರಾ, ಎಂದ ಶಿಗೆಕಿ, ಡಬ್ಬ ಎತ್ತಿಕೊಂಡು ಹೊರಟವನು ತಿರುಗಿ ನಿಂತು, ಮನೆ ಹೇಗನ್ನಿಸ್ತು, ಕೇಳಿದ, ಅವಳು ಬೆಚ್ಚಗಿದೆ ಎಂದಳು, ಅವನ ಮುಖ ಹುಡುಗನ ಮುಖದಂತೆ ಕೆಂಪಾಯಿತು.

ಟ್ರಕ್ಕಿನ ಸದ್ದು ಇಳಿಜಾರಿನಲ್ಲಿ ಕರಗುವವರೆಗೆ ಮುದುಕಿ ಕಿವಿಗೊಟ್ಟು ಕೂತಿದ್ದಳು, ಕರಗಿದ ಮೇಲೆ ರಜಾಯಿಯಿಂದ ಹೊರಬಂದಳು, ಅಷ್ಟು ಚುರುಕಾಗಿ ಏಳುತ್ತಾಳೆಂದು ಯಾರೂ ಅಂದುಕೊಳ್ಳುವ ಹಾಗಿರಲಿಲ್ಲ, ಬೋಗುಣಿ ತುಂಬ ಕಾಕಿ ಹಣ್ಣು ತಂದು ಚಾಕು ಹಿಡಿದಳು, ಬಲಗೈ ಎಷ್ಟು ಲೀಲಾಜಾಲ, ಸಿಪ್ಪೆ ಎಲ್ಲೂ ಕಡಿಯದೆ ರಿಬ್ಬನಿನಂತೆ ಇಳಿದು ಮಡಿಲಲ್ಲಿ ಸುರುಳಿ ಸುತ್ತುತ್ತಿತ್ತು. ಕಿಯೊಮಿಯೂ ಒಂದು ಚಾಕು ತೆಗೆದುಕೊಂಡಳು. ಹೊರಗೆ ಹೊಳೆಯ ಸದ್ದು, ಒಳಗೆ ಸಿಪ್ಪೆಯ ಸದ್ದು, ಇದೇ ಬದುಕಾದರೆ ಇದೂ ಆಗಬಹುದು, ಅತ್ತೆ ಹಣ್ಣು ಸುಲಿಯುತ್ತಾಳೆ, ತಾನು ದಾರಕ್ಕೆ ಕಟ್ಟುತ್ತೇನೆ, ಹಿಮ ಬೀಳುತ್ತದೆ, ಬೀಳಲಿ. ಕೈ ವಾಸಿಯಾಯ್ತಾ, ಮುದುಕಿ ಕೇಳಿದಳು, ಹಣ್ಣಿನಿಂದ ಕಣ್ಣೆತ್ತದೆ. ಯಾವ ಕೈ. ಅದೇ, ಸೊಟ್ಟ ಆಗಿತ್ತಲ್ಲ, ಡಾಕ್ಟರಿಗೆ ಮೆಟ್ಟಿಲಿಂದ ಬಿದ್ದೆ ಅಂತಾನೇ ಹೇಳಿದ್ಯಾ. ಚಾಕು ಹಣ್ಣಿನ ಮೇಲೆಯೇ ನಿಂತಿತು. ಹೇಳಬೇಕಾಗಿತ್ತು, ನಾನು ಅಕೆಮಿ ಅಲ್ಲಮ್ಮ, ಎಂದು, ಬಾಯಿಂದ ಬಂದದ್ದು ಬೇರೆ, ವಾಸಿಯಾಯ್ತು ಅತ್ತೆ, ಯಾಕೆ ಹಾಗೆ ಹೇಳಿದಳೋ, ಮುಂದಿನದನ್ನು ಕೇಳಬೇಕಿತ್ತೋ, ಮುದುಕಿಯನ್ನು ಸಮಾಧಾನಪಡಿಸಬೇಕಿತ್ತೋ, ಅತ್ತೆ ಎಂಬ ಶಬ್ದವನ್ನು ಒಮ್ಮೆ ಆಡಿ ನೋಡುವ ಆಸೆಯೋ. ಮುದುಕಿ ತಲೆಯಾಡಿಸಿದಳು, ಒಳ್ಳೇದು, ಒಳ್ಳೇದು, ಚಳಿಗೆ ಎಳೆತ ಬರುತ್ತೆ, ಬಟ್ಟೆ ಸುತ್ಕೋ. ಇವಳ ಗಂಡನಿರಬೇಕು, ಕಿಯೊಮಿ ಯೋಚಿಸುತ್ತಾಳೆ, ಆ ಫೋಟೋದ ಮನುಷ್ಯ, ದಪ್ಪ ಹುಬ್ಬು, ಇವಳ ಕೈಯನ್ನೇ ತಿರುಚಿದ್ದಿರಬೇಕು, ಇವಳ ಅತ್ತೆ ಇವಳನ್ನು ಕೇಳಿದ ಮಾತನ್ನು ಈಗ ನನ್ನನ್ನು ಕೇಳುತ್ತಿದ್ದಾಳೆ, ನೆನಪು ಕಲಸಿಹೋಗಿದೆ ಎಂದನಲ್ಲ, ಕೋತಿಗಳಿಗೆ ಎಂಜಿನ್ ಆರಿಸಿದವನು, ಮೀನಿನ ಮುಳ್ಳು ಬಿಡಿಸಿದವನು — ಇಳಿಜಾರಿನ ಕೆಳಗೆ ಗೇರು ಬದಲಿಸುವ ಸದ್ದು. ಮುದುಕಿಯ ಕೈ ತಟಕ್ಕನೆ ನಿಂತಿತು. ಶಿಗೆ ಬಂದ, ಎಂದಳು. ಏಳು, ಏಳು ಮಗಳೇ. ಏನತ್ತೆ, ಅವರೇ ತಾನೆ. ಏಳು ಅಂದ್ರೆ, ಹೊಲಕ್ಕೆ ಹೋದ್ಲು ಅಂತೀನಿ. ಎಲುಬಿನ ಬೆರಳುಗಳು ಮಣಿಕಟ್ಟು ಹಿಡಿದು ಎಳೆದವು, ಒಳಕೋಣೆಗೆ, ಹಾಸಿಗೆಗಳನ್ನು ಮಡಿಸಿಡುವ ಗೋಡೆ ಬೀರುವಿನ ಮುಂದೆ, ಕಾಗದದ ಬಾಗಿಲು ಸದ್ದಿಲ್ಲದೆ ಸರಿಯಿತು, ಹಳಿಗೆ ಮೇಣ ಸವರಿದಂತೆ, ಕೆಳಗಿನ ಅರೆಯಲ್ಲಿ ಹಾಸಿಗೆಗಳನ್ನು ಒತ್ತಟ್ಟಿಗೆ ಸರಿಸಿ ಒಬ್ಬರು ಕೂರುವಷ್ಟು ಜಾಗ, ಜಾಗದಲ್ಲಿ ಒಂದು ನೀಲಿ ಮೆತ್ತೆ. ಹುಚ್ಚು ಮುದುಕಿಯ ಆಟ, ಒಂದು ನಿಮಿಷ ಇವಳ ಮನಸ್ಸಿನಂತೆ ನಡೆದುಕೊಂಡರೆ ಏನಾಯಿತು, ಅವನು ಬಂದು ಬಾಗಿಲು ತೆಗೆದರೆ ಮೂವರೂ ನಗಬಹುದು, ಹೀಗೆಲ್ಲ ಅಂದುಕೊಳ್ಳುತ್ತಲೇ ಅವಳು ಬಗ್ಗಿ ಒಳಗೆ ಸೇರಿದಳು, ಮೊಣಕಾಲು ಎದೆಗೆ ಬಂತು, ಮುದುಕಿ ಓಡಿದಳು, ಓಡಿ ಬಂದಳು, ಎದೆಗವಚಿಕೊಂಡು ತಂದದ್ದು ಹೊಸ್ತಿಲ ಬಳಿಯ ಅವಳ ಕಂದು ಬೂಟುಗಳು, ಅವನ್ನು ಅವಳ ಮಡಿಲಿಗೆ ತುರುಕಿ, ತುಟಿಯ ಮೇಲೆ ಬೆರಳಿಟ್ಟು, ಬಾಗಿಲು ಎಳೆದಳು.

ಬೂಟುಗಳು. ಬೂಟುಗಳನ್ನು ಮರೆಯಲಿಲ್ಲ. ತನ್ನ ಊಟ ಆಯಿತೇ ಇಲ್ಲವೇ ಎಂಬುದನ್ನು ಮರೆಯುವವಳು ಬೂಟುಗಳನ್ನು ಮರೆಯಲಿಲ್ಲ, ಇದು ಆಟವಲ್ಲ, ಆಡಿ ಆಡಿ ಕೈಗೆ ಬಂದದ್ದು, ಮೇಣ ಸವರಿದ ಹಳಿ, ಅತ್ತಿತ್ತ ಸರಿಸಿದ ಹಾಸಿಗೆಗಳು, ಕೂತಲ್ಲಿಯೇ ಅವಳಿಗೆ ತಿಳಿಯತೊಡಗಿತು, ಮೆತ್ತೆ ನಡುವೆ ತಗ್ಗಾಗಿತ್ತು, ಯಾರೋ ಕೂತೂ ಕೂತೂ ಮಾಡಿದ ತಗ್ಗು, ಅವಳ ಮೈ ಅದರೊಳಗೆ ಅಳತೆಗೆ ಹೊಲಿಸಿದಂತೆ ಇಳಿದಿತ್ತು. ನಾಫ್ತಲಿನ್ ಗುಳಿಗೆಯ ವಾಸನೆ, ಹಳೆಯ ಹತ್ತಿಯ ವಾಸನೆ, ಕಾಗದದ ಬಾಗಿಲಲ್ಲಿ ಬೆಳಕಿನ ಒಂದು ಕೂದಲೆಳೆ. ಹೊರಬಾಗಿಲು ಸರಿಯಿತು. ಬಂದೆ, ಎಂದಿತು ಅವನ ದನಿ. ಡಬ್ಬ ನೆಲಕ್ಕಿಟ್ಟ ಸದ್ದು. ಕಿಯೊಮಿಸಾನ್. ಉತ್ತರ ಕೊಡಬೇಕು, ಈಗಲೇ, ಇನ್ನೊಂದು ಉಸಿರು ತಡವಾದರೆ ಆಮೇಲೆ ಕೊಡಲಾಗುವುದಿಲ್ಲ, ಬೀರುವಿನೊಳಗೆ ಬೂಟು ಅಪ್ಪಿಕೊಂಡು ಕೂತ ನಲವತ್ತಮೂರರ ಹೆಂಗಸು ಏನೆಂದು ಉತ್ತರ ಕೊಡಬೇಕು — ಎಲ್ಲಿಗೆ ಹೋದ್ರಮ್ಮ ಅವರು. ಹೊಲಕ್ಕೆ. ಯಾವ ಹೊಲ, ಹೊಲ ಮಾರಿ ಎಷ್ಟು ವರ್ಷ ಆಯ್ತು. ಅದೇ ಮೆತ್ತನೆಯ ದನಿ, ಪಕ್ಕದವರಿಗೆ ಮಾತ್ರ ಕೇಳುವಷ್ಟು. ಹೆಜ್ಜೆ ಒಳಕೋಣೆಯ ಅಂಚಿಗೆ ಬಂತು, ಬೆಳಕಿನ ಎಳೆ ಆರಿತು, ಹತ್ತಿತು. ಮುದುಕಿಯ ದನಿ ಬೇಡಿಕೊಳ್ಳುವ ದನಿಯಾಗಿತ್ತು, ಶಿಗೆ, ಬೇಡ ಕಣಪ್ಪ, ಅವಳ ಕೈ ಈಗಷ್ಟೆ ವಾಸಿಯಾಗಿದೆ. ಕೆಟಲು ಸುಯ್ಗುಟ್ಟುತ್ತಲೇ ಇತ್ತು. ಅವಳ ಮುಂದೆ ಅದನ್ನ ಆಡಿದ್ಯಾ. ಇಲ್ಲ ಕಣಪ್ಪ. ಆಡಿದ್ಯಾ ಅಂತ ಕೇಳ್ದೆ. ಬಂದೋರ ಎದುರು ಬಾಯಿ ಬಿಡಬೇಡ ಅಂತ ಹೇಳಿದ್ನಾ ಇಲ್ವಾ, ಬೆಳಿಗ್ಗೆ ಅಷ್ಟಾದ್ರೂ ಬುದ್ಧಿ ಬರಲಿಲ್ವಾ ನಿನಗೆ. ದನಿ ಏರಲಿಲ್ಲ, ಒಂದು ನೂಲಿನಷ್ಟೂ ಏರಲಿಲ್ಲ, ಏರಿದ್ದರೆ ಅವಳು ಎದ್ದು ಹೊರಗೆ ಬರುತ್ತಿದ್ದಳೇನೋ, ಏರಿದ ದನಿಗಳನ್ನು ಅವಳು ಕಂಡಿದ್ದಾಳೆ, ಅಣ್ಣನ ದನಿ ಏರುತ್ತದೆ, ಇಳಿಯುತ್ತದೆ, ಇದು ಬೇರೆ, ಇದು ಮೀನಿನ ಮುಳ್ಳು ಬಿಡಿಸುವ ದನಿ, ಹೋಗ್ಲಿ ಬಿಡಿ ಅವುಕ್ಕೂ ಮನೆಗೆ ಹೋಗ್ಬೇಕಲ್ಲ ಎನ್ನುವ ದನಿ, ಮತ್ತು ಅದರ ಹಿಂದೆಯೇ ಬೋಗುಣಿ ಉರುಳಿದ ಸದ್ದು, ಹಣ್ಣುಗಳು ಚಾಪೆಯ ಮೇಲೆ ಧಡಧಡ ಹರಡಿದ ಸದ್ದು, ಮುದುಕಿಯ ಗಂಟಲಿನಿಂದ ಒಂದು ಚೂರು ಗಾಳಿ ಹೊರಟಂತೆ. ಎತ್ತಿಡು, ಎಂದ. ಅವರನ್ನ ಹುಡುಕಿ ಬರ್ತೀನಿ, ಅಷ್ಟರಲ್ಲಿ ಎತ್ತಿಡು. ಟ್ರಕ್ಕು ಮತ್ತೆ ಹೊರಟಿತು, ಅವಳ ಉಸಿರು ಆಮೇಲೆ ಹೊರಟಿತು, ಬಾಗಿಲನ್ನು ಅವಳೇ ಸರಿಸಿ ತೆವಳಿ ಹೊರಬಂದಾಗ ಮುದುಕಿ ಮಂಡಿಯೂರಿ ಹಣ್ಣು ಹೆಕ್ಕುತ್ತಿದ್ದಳು, ಎಡಗೈಯಲ್ಲಿ, ಒಂದೊಂದಾಗಿ, ಬಲಗೈ ಮಡಿಲಲ್ಲಿ ಸಿಪ್ಪೆಗಳ ಜೊತೆ ಮಲಗಿತ್ತು. ಅತ್ತೆ, ಎಂದಳು ಕಿಯೊಮಿ. ಹಿತ್ತಿಲ ಕಡೆಯಿಂದ ಹೋಗು, ಮುದುಕಿ ಹೇಳಿದಳು, ಬಿದಿರಿನ ಪಕ್ಕ ಕಾಲುದಾರಿ ಇದೆ, ದೇವಸ್ಥಾನದ ಹತ್ತಿರ ಬಸ್ಸು ನಿಲ್ಲುತ್ತೆ, ಅದೇ ಕೊನೆ ಬಸ್ಸು. ನೀವು. ನಾನು ಹಣ್ಣು ಹೆಕ್ತಿದೀನಲ್ಲ. ಆ ದೊಡ್ಡ ಕಣ್ಣುಗಳಲ್ಲಿ ಕಲಸಿಹೋದದ್ದು ಏನೂ ಇರಲಿಲ್ಲ, ಅಥವಾ ಇತ್ತೋ, ಯಾರು ಎಂದುಕೊಂಡು ಕಳಿಸುತ್ತಿದ್ದಾಳೆ ತನ್ನನ್ನು, ಕಿಯೊಮಿ ಬೂಟುಗಳನ್ನು ಕೈಯಲ್ಲೇ ಹಿಡಿದು ಹಿತ್ತಿಲಿಗೆ ಇಳಿದಳು.

ಓಡಬಾರದು, ಓಡಿದರೆ ಕರಡಿ ಅಟ್ಟಿಸಿಕೊಂಡು ಬರುತ್ತದಂತೆ, ಯಾರು ಹೇಳಿದ್ದು, ಯಾರೂ ಹೇಳಿಲ್ಲ, ಬಿದಿರಿನ ಎಲೆಗಳು ಮುಖಕ್ಕೆ, ಒದ್ದೆ ಮಣ್ಣು ಕಾಲುಚೀಲಕ್ಕೆ, ಒಂದು ಕಲ್ಲಿನ ಮೇಲೆ ಕೂತು ಬೂಟು ಹಾಕಿಕೊಂಡಳು, ದೇವಸ್ಥಾನದ ಮುಂದಿನ ರಸ್ತೆಗೆ ಇಳಿದಾಗ ಬಿಳಿ ಟ್ರಕ್ಕು ಎದುರಿನಿಂದ ಬಂತು, ಪಕ್ಕಕ್ಕೆ ನಿಂತಿತು, ಗಾಜು ಇಳಿಯಿತು. ಹುಡುಕ್ತಾ ಇದ್ದೆ, ಒಬ್ಬರೇ ಬರಬಾರದಿತ್ತು, ಕರಡಿ ಇದೆ. ದೇವಸ್ಥಾನ ನೋಡೋಣ ಅಂತ ಬಂದೆ, ಶಿಗೆಕಿಸಾನ್. ಅವಳ ದನಿ ಎಷ್ಟು ಸಲೀಸಾಗಿ ಬಂತು, ತನಗೇ ಆಶ್ಚರ್ಯ. ಅವನು ಬೂಟಿನ ಅಂಚಿನಲ್ಲಿ ಕಂಡ ಅವಳ ಕಾಲುಚೀಲದ ಕೆಸರು ನೋಡಿದ. ಅಮ್ಮ ಏನಾದ್ರೂ ಅಂದಳಾ. ಇಲ್ಲ, ನಿದ್ದೆ ಹೋಗಿದ್ರು, ಅದಕ್ಕೇ ಎದ್ದು ಬಂದೆ. ಇದೊಂದನ್ನು ಸರಿಯಾಗಿ ಹೇಳು ಕಿಯೊಮಿ, ಇದೊಂದನ್ನು, ತುಟಿ ಅದುರದ ಹಾಗೆ, ಅವನ ಬೆರಳುಗಳು ಸ್ಟೇರಿಂಗಿನ ಮೇಲೆ, ಉಗುರುಗಳು ಕತ್ತರಿಸಿ ಶುಚಿಯಾಗಿವೆ, ಈ ಬೆರಳುಗಳು — ಏನೂ ಅನ್ನಲಿಲ್ಲ, ಎಂದಳು ಮತ್ತೆ. ಅವನು ತಲೆಯಾಡಿಸಿದ, ನಂಬಿದನೋ ಇಲ್ಲವೋ, ಸ್ಟೇಷನ್ನಿಗೆ ಬಿಡ್ತೀನಿ, ಹತ್ತಿ. ಆ ತಿರುವುಗಳಲ್ಲಿ ತಲೆ ಸುತ್ತುತ್ತೆ, ಬಸ್ಸೇ ವಾಸಿ, ನೀವು ಅಮ್ಮನ ಹತ್ತಿರ ಹೋಗಿ, ಎಂದಳು, ಎಂದೊಡನೆ ನಾಲಿಗೆ ಕಚ್ಚಿಕೊಂಡಳು, ಬೇಡ, ಹೋಗಬೇಡಿ, ಆದರೆ ಆಡಿಯಾಗಿತ್ತು. ಬಸ್ಸು ಬಂತು. ಅವನು ಟ್ರಕ್ಕಿನಿಂದ ಇಳಿದು ಟೋಪಿ ತೆಗೆದು ನಿಂತ, ಉತ್ತರಕ್ಕೆ ಅವಸರ ಇಲ್ಲ, ನಿಧಾನವಾಗಿ ಯೋಚಿಸಿ, ಬೆಚ್ಚಗಿದೆ ಅಂದ್ರಲ್ಲ, ಅದು ಸಾಕು ನನಗೆ, ಬಸ್ಸು ಹೊರಟ ಮೇಲೂ ಸೊಂಟ ಬಗ್ಗಿಸಿಯೇ ಇದ್ದ, ತಿರುವು ಬರುವವರೆಗೆ, ಕುತ್ತಿಗೆಯ ಬಿಳಿ ಪಟ್ಟಿ ಕಾಣದಾಗುವವರೆಗೆ.

ತಪ್ಪಿಸಿಕೊಂಡೆ. ಬಸ್ಸಿನಲ್ಲಿ ಅವಳೊಬ್ಬಳೇ, ಚಾಲಕ ಕನ್ನಡಿಯಲ್ಲಿ ಒಮ್ಮೆ ನೋಡಿದ, ತಪ್ಪಿಸಿಕೊಂಡೆ, ಅತ್ತಿಗೆಗೆ ಏನು ಹೇಳುವುದು, ಚಳಿ ಜಾಸ್ತಿ ಎಂದರೆ ಆಯಿತು, ಅಕೆಮಿಯ ಚಳಿ, ಎಲ್ಲರಿಗೂ ಒಪ್ಪಿಗೆಯಾಗುವ ಚಳಿ, ಚಿಕ್ಕಮ್ಮನ ಒದ್ದೆ ಕೈ ಬೆರಳು ಬಿಡದೆ ಹಿಡಿದದ್ದು, ಬಿಟ್ಟದ್ದು. ಎಲ್ಲಾದರೂ ಒಂದು ಬಾಡಿಗೆ ಕೋಣೆ, ಲಾಂಡ್ರಿಯ ಹಿಂದೆ ಒಂದಿದೆಯಂತೆ, ಕಿಟಕಿ ಇಲ್ಲ, ಇಲ್ಲದಿದ್ದರೇನು. ಅಕೆಮಿ ಹೋಗಿ ಎಷ್ಟು ವರ್ಷ. ಆರೇಳು ಎಂದಿದ್ದ. ಪಾಪ, ಅಷ್ಟು ವರ್ಷದಿಂದ ಮುದುಕಿ ಸೊಸೆಯ ಮೆತ್ತೆಯನ್ನು ತೆಗೆಯದೆ ಇಟ್ಟಿದ್ದಾಳೆ, ಧೂಳು ಬೀಳದ ಹಾಗೆ ಒರೆಸಿಕೊಂಡು, ಮೆತ್ತೆಯ ಮೇಲೆ ಧೂಳಿರಲಿಲ್ಲ, ಸ್ಕರ್ಟು ತಿರುಗಿಸಿ ನೋಡಿದಳು, ಇಲ್ಲ, ತೋಫು ನೀರಿನ ಕಲೆ ಇದೆ, ಧೂಳಿಲ್ಲ, ಮತ್ತೆ ತೊಡೆಯ ಕೆಳಗೆ ಏನೋ ಸಿಕ್ಕಿತ್ತು, ಬೀರುವಿನೊಳಗೆ ಕೂತಾಗ, ಮಣ್ಣು ತುಂಬಿದ ಪುಟ್ಟ ಚೀಲದಂಥದ್ದು, ಬಿಸಿಪೊಟ್ಟಣ, ಚಳಿಗೆ ಜೇಬಿನಲ್ಲಿ ಇಟ್ಟುಕೊಳ್ಳುತ್ತಾರಲ್ಲ, ಔಷಧಿ ಅಂಗಡಿಯದು, ಲಾಂಡ್ರಿಗೆ ಬರುವ ಕೋಟುಗಳ ಜೇಬಿನಲ್ಲಿ ಚಳಿಗಾಲವಿಡೀ ಸಿಗುತ್ತವೆ, ಒಡೆದು ಜೇಬಿಗಿಟ್ಟರೆ ಒಂದು ಹಗಲು ಬಿಸಿ, ಮರುದಿನಕ್ಕೆ ಆರಿ ಕಲ್ಲಾಗುತ್ತವೆ, ಕಲ್ಲಾದವನ್ನು ಅವಳು ಬುಟ್ಟಿಗೆ ಎಸೆಯುತ್ತಾಳೆ, ಠಣ್ ಎನ್ನುತ್ತವೆ. ಬೀರುವಿನಲ್ಲಿದ್ದದ್ದು ಕಲ್ಲಾಗಿರಲಿಲ್ಲ. ತೊಡೆಗೆ ಬಿಸಿ ತಾಗಿತ್ತು. ತನ್ನದೇ ಮೈಬಿಸಿ ಎಂದುಕೊಂಡಿದ್ದಳು, ಭಯದ ಬಿಸಿ ಎಂದುಕೊಂಡಿದ್ದಳು, ಅಲ್ಲ, ಅದು ಇವತ್ತಿನದು, ಬೆಳಿಗ್ಗೆ ಯಾರೋ ಒಡೆದದ್ದು, ಬೆಳಿಗ್ಗೆ ಅಷ್ಟಾದ್ರೂ ಬುದ್ಧಿ ಬರಲಿಲ್ವಾ ನಿನಗೆ, ಯಾರೋ ಎಂದರೆ ಯಾರು, ಆ ಮನೆಯಲ್ಲಿ ಇನ್ನು ಯಾರು ಇದ್ದಾರೆ, ಆ ಪುಟ್ಟ ಮುದುಕಿಯೇ, ತಾನು ಬರುವ ಮೊದಲು ಆ ತಗ್ಗಿನಲ್ಲಿ ಕೂತಿದ್ದವಳು ಎದ್ದು ಬಂದು, ರಜಾಯಿಯೊಳಗೆ ಹುದುಗಿ, ಮುಖ ಅರಳಿಸಿ, ಬಂದ್ಯಾ ಮಗಳೇ ಎಂದಳು, ಒಬ್ಬರು ಕೂರುವಷ್ಟೇ ಜಾಗ, ಆ ಒಂದು ಜಾಗವನ್ನು ನನಗೆ ಬಿಟ್ಟುಕೊಟ್ಟು ತಾನು ಹೊರಗೆ ಕೂತಳು, ಹಣ್ಣಿನ ಎದುರು. ಎಡಗೈಯಲ್ಲಿ ಹೆಕ್ಕುತ್ತಿದ್ದಳು. ಎಡಗೈಯಲ್ಲಿ ಯಾಕೆ. ಅವಳ ಬೆರಳು ಗಂಟೆಯ ಗುಂಡಿ ಒತ್ತಿತು, ಇನ್ನೂ ಒತ್ತಿತು, ಸ್ಟೇಷನ್ನು ದೂರ ಇದೆಯಮ್ಮ, ಎಂದ ಚಾಲಕ, ಇಲ್ಲೇ, ಇಲ್ಲೇ ಇಳೀತೀನಿ, ಇದು ಕೊನೆ ಬಸ್ಸು, ಗೊತ್ತು, ನಿಲ್ಸಿ. ಪುರಸಭೆಯ ಎದುರಿನ ಪೊಲೀಸ್ ಚೌಕಿಯಲ್ಲಿ ಕೆಂಪು ದೀಪ ಹಗಲಿನಲ್ಲೇ ಉರಿಯುತ್ತಿತ್ತು, ಎಳೆಯ ಪೊಲೀಸಿನವನು ಕುರ್ಚಿ ಎಳೆದುಕೊಟ್ಟ, ಕರಡಿ ಕಂಡ್ರಾ, ಕೇಳಿದ, ಅವಳು ಅಲ್ಲ ಎಂದಳು, ಬೆಟ್ಟದ ಬುಡದ ಹಟನಕಾ ಶಿಗೆಕಿ ಅವರ ಮನೆಗೆ ಈಗಲೇ ಹೋಗಬೇಕು ಎಂದಳು, ಅಲ್ಲಿನ ಅಜ್ಜಿ ಎಂದಳು, ಅವನು ನೆಟ್ಟಗೆ ಕೂತ, ಏನಾಯ್ತು, ನೀವು ಕಣ್ಣಾರೆ ಏನು ಕಂಡಿರಿ, ಮೊದಲಿಂದ ಹೇಳಿ, ಮೊದಲು ಯಾವುದು, ಕೋತಿಗಳೇ, ತೋಫುವೇ, ಎಂಜಿನ್ ಆರಿಸಿದ್ದೇ, ಕಣ್ಣಾರೆ ಕಂಡದ್ದು ಏನೂ ಇಲ್ಲ, ಮೆತ್ತೆ, ಎಂದಳು, ಬೀರುವಿನೊಳಗೆ ಒಂದು ಮೆತ್ತೆ ಇದೆ, ನೀಲಿ, ನಡುವೆ ತಗ್ಗಾಗಿದೆ, ಪೊಲೀಸಿನವನು ಕಾಯುತ್ತಿದ್ದ, ತಗ್ಗಾದ ಮೆತ್ತೆ, ಅದರ ಮೇಲೆ ಆ ಪುಟ್ಟ ಚೀಲ, ಮೆತ್ತೆ, ಅವಳು ತೊಡೆಯ ಮೇಲೆ ಅಂಗೈ ಒತ್ತಿ ಹಿಡಿದು ಇನ್ನೊಮ್ಮೆ ಹೇಳಿದಳು, ಬಿಸಿ ಇತ್ತು.